ದೇವರು ಪ್ರಾರ್ಥನೆ ಕೇಳುತ್ತಾನೆ ಎಂಬ ಭರವಸೆ: ಕೂಟದಲ್ಲಿ ಹೇಗೆ ಹೇಳಿಕೊಡುವುದು?

ಕುಂಬಳೆ_ಕೂಟ

ನಮ್ಮ ಕಡೆಯ ಒಂದು ಸಣ್ಣ ಪ್ರಾರ್ಥನಾ ಕೂಟಕ್ಕೆ ನಾಲ್ಕು ವಾರದ ಪಾಠ ಸಿದ್ಧ ಮಾಡಬೇಕಾಗಿದೆ. ವಿಷಯ, ದೇವರು ನಮ್ಮ ಪ್ರಾರ್ಥನೆ ಕೇಳುತ್ತಾನೆ ಎಂಬ ಭರವಸೆ. ಕಥೋಲಿಕರೂ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಎಂಬ ಪ್ರೊಟೆಸ್ಟಂಟ್ ಸಭೆಯವರೂ ಒಟ್ಟಿಗೆ ಕೂರುವ ಕೂಟ ಇದು. ಮನೆಮಾತು ಕೆಲವರದ್ದು ಕೊಂಕಣಿ, ಕೆಲವರದ್ದು ತುಳು. ಓದುವುದು ಕನ್ನಡ ಬೈಬಲ್.

"ದೇವರು ಎಲ್ಲವನ್ನೂ ಕೇಳುತ್ತಾನೆ, ನಂಬಿ" ಎಂದು ಹೇಳಿ ಮುಗಿಸುವ ಪಾಠ ಬೇಡ. ಜನ ನಿಜವಾಗಿ ಎಡವುವ ಜಾಗದಿಂದಲೇ ಶುರುವಾಗಬೇಕು. ಪ್ರಾರ್ಥಿಸಿದ ಮೇಲೆ ಮನಸ್ಸು ಹಗುರಾದರೆ ದೇವರು ಕೇಳಿದ, ಇಲ್ಲದಿದ್ದರೆ ಕೇಳಲಿಲ್ಲ ಎಂಬ ಲೆಕ್ಕ ಹಲವರಲ್ಲಿದೆ. ಕಾಯಿಲೆ ವಾಸಿಯಾಗದಿದ್ದರೆ "ನಿಮ್ಮ ನಂಬಿಕೆ ಸಾಲದು" ಎನ್ನುವವರಿದ್ದಾರೆ. ಒಂಬತ್ತು ದಿನದ ನೊವೆನಾ ಪ್ರಾರ್ಥನೆ, ಮೂರು ದಿನದ ಉಪವಾಸ, ಇಷ್ಟು ಮೊಂಬತ್ತಿ ಎಂದು ಎಣಿಕೆ ಹೆಚ್ಚಿದಷ್ಟೂ ಮೊರೆ ಬೇಗ ಮುಟ್ಟುತ್ತದೆ ಎಂಬ ಅಂದಾಜೂ ಇದೆ. ಯಾವ ವಾಕ್ಯ ಹಿಡಿದು ಹೊರಡುವುದು? ಮನೆಯಲ್ಲಿ ಮಾಡಲು ಯಾವ ಅಭ್ಯಾಸ ಕೊಡುವುದು? ತಿಳಿದವರು ವಿವರವಾಗಿ ಬರೆಯಿರಿ.

ಬೇಳದ_ಉಪದೇಶಿ

ವಾಕ್ಯಕ್ಕಿಂತ ಮೊದಲು "ಕೇಳು" ಎಂಬ ಪದವನ್ನೇ ಬಿಡಿಸಿ. ಗೊಂದಲದ ಅರ್ಧ ಪಾಲು ಅಲ್ಲಿಯೇ ಇದೆ. ಕನ್ನಡದಲ್ಲಿ ಕೇಳು ಎಂದರೆ ಬೇಡು. ಕೇಳು ಎಂದರೆ ಕಿವಿಗೊಡು. "ಹೇಳಿದ ಮಾತು ಕೇಳು" ಎಂದರೆ ಹೇಳಿದ ಹಾಗೆ ಮಾಡು. ತುಳುವಿನ ಕೇಣ್ ಕೂಡ ಬೇಡುವುದಕ್ಕೂ ಆಲಿಸುವುದಕ್ಕೂ ಸಲ್ಲುತ್ತದೆ. ಕೊಂಕಣಿಯಲ್ಲಿ ಮಾಗ್ಚೆಂ ಬೇರೆ, ಆಯ್ಕೊಂಚೆಂ ಬೇರೆ. ಮಲಯಾಳದಲ್ಲೂ ಚೋದಿಕ್ಕುಕ ಬೇರೆ, ಕೇಳ್ಕ್ಕುಕ ಬೇರೆ. ನಿಮ್ಮ ಕೂಟದವರು ಈ ನಾಲ್ಕೂ ಮಾತುಗಳ ನಡುವೆ ಬದುಕುವವರು, ಹಾಗಾಗಿ ಹೇಳಿದ ಕೂಡಲೇ ಹಿಡಿದುಕೊಳ್ಳುತ್ತಾರೆ.

ಹಲಗೆಯ ಮೇಲೆ ಮೂರು ಸಾಲು ಬರೆಯಿರಿ: ನಾನು ದೇವರಲ್ಲಿ ಕೇಳಿದೆ, ದೇವರು ನನ್ನ ಮೊರೆ ಕೇಳಿದ, ದೇವರು ನನ್ನ ಮಾತು ಕೇಳಲಿಲ್ಲ. ಮೂರನೆಯದರಲ್ಲಿ ಇರುವ ದೂರು "ನಾನು ಹೇಳಿದ ಹಾಗೆ ಮಾಡಲಿಲ್ಲ" ಎಂಬುದು. ಅದು ನಿಜವಾದ ದುಃಖವೇ, ಯಾರೂ ಅದನ್ನು ತಳ್ಳಿಹಾಕಬಾರದು. ಆದರೆ ಅದು ಎರಡನೆಯ ಸಾಲನ್ನು ಸುಳ್ಳು ಮಾಡುವುದಿಲ್ಲ. ಹೇಳಿದ ಹಾಗೆ ಮಾಡದ ತಂದೆಯೂ ಕಿವಿಗೊಟ್ಟಿರಬಹುದು.

ಹಾಗೆಂದು "ಕೇಳುತ್ತಾನೆ ಅಷ್ಟೇ" ಎಂದು ತೆಳು ಮಾಡಲೂ ಬೇಡಿ. ಹೀಬ್ರೂವಿನ ಶಮಾ ಎಂಬ ಕ್ರಿಯಾಪದವೂ ನಮ್ಮ ಕೇಳುವಿನ ಹಾಗೆ ಆಲಿಸು, ವಿಧೇಯನಾಗು ಎರಡನ್ನೂ ಹೊತ್ತಿದೆ. ದೇವರು ಕೇಳಿದ ಎಂದು ಬಂದಲ್ಲೆಲ್ಲ ಆತ ಆ ಕಡೆ ತಿರುಗಿದ ಎಂಬ ಧ್ವನಿ ಇರುತ್ತದೆ. ವಿಮೋಚನಕಾಂಡ 2:23ರಿಂದ 25 ಓದಿಸಿ. ಐಗುಪ್ತದ ದಾಸರ ನರಳಾಟ, ಆಮೇಲೆ ಸಾಲಾಗಿ ನಾಲ್ಕು ಕ್ರಿಯಾಪದಗಳು: ದೇವರು ಕೇಳಿದ, ಒಡಂಬಡಿಕೆಯನ್ನು ನೆನೆದ, ನೋಡಿದ, ಅರಿತ. ಅಷ್ಟಾದರೂ ಆ ಮೂರು ವಾಕ್ಯಗಳಲ್ಲಿ ಬಿಡುಗಡೆ ಇಲ್ಲ. ಮೋಶೆ ಇನ್ನೂ ಮಿದ್ಯಾನಿನಲ್ಲಿ ಕುರಿ ಕಾಯಬೇಕು, ಫರೋಹನ ಮುಂದೆ ನಿಲ್ಲುವಾಗ ಅವನಿಗೆ 80 ವರ್ಷ. ದೇವರು ಕೇಳಿದ್ದಕ್ಕೂ ಜನರಿಗೆ ಅದು ಕಣ್ಣಿಗೆ ಕಂಡದ್ದಕ್ಕೂ ನಡುವೆ ಸಮಯ ಹೋಗಿದೆ. ಅವರ ನರಳಾಟ ಯಾರನ್ನು ಉದ್ದೇಶಿಸಿದ್ದು ಎಂದು ಅಲ್ಲಿ ಬರೆದಿಲ್ಲ ಎಂಬುದನ್ನೂ ಗಮನಿಸಿ. ಅದು ಮೇಲಕ್ಕೆ ಹೋಗಿ ದೇವರನ್ನು ಮುಟ್ಟಿತು ಎಂದಷ್ಟೇ ಇದೆ. ಸರಿಯಾದ ಪದ ಸಿಗದೆ ಪ್ರಾರ್ಥಿಸಲಾಗದವರಿಗೆ ಇದನ್ನು ಒತ್ತಿ ಹೇಳಬೇಕು.

ಇದರ ಜೊತೆಗೆ ಆದಿಕಾಂಡ 21. ಹಾಗರಳು ಮಗುವನ್ನು ಪೊದೆಯಡಿ ಬಿಟ್ಟು ದೂರ ಕೂತು ಅಳುತ್ತಾಳೆ. 17ನೇ ವಾಕ್ಯದಲ್ಲಿ ದೇವರು ಕೇಳಿದ್ದು ಹುಡುಗನ ಕೂಗನ್ನು. ಹುಡುಗ ಏನು ಹೇಳಿದ ಎಂದು ಎಲ್ಲಿಯೂ ಬರೆದಿಲ್ಲ. ಇಷ್ಮಾಯೇಲ್ ಎಂಬ ಹೆಸರಿನ ಅರ್ಥವೇ "ದೇವರು ಕೇಳುತ್ತಾನೆ".

ನೆಲ್ಲಿಕುಂಜೆ_ಓದುಗ

ಮೇಲಿನದಕ್ಕೆ ಪೂರ್ತಿ ಒಪ್ಪಿಗೆ. ನಾನು ನಿಮ್ಮ ಮೊದಲ ತೊಡಕಿಗೆ, ಅಂದರೆ ಮನಸ್ಸು ಹಗುರಾಗುವ ಲೆಕ್ಕಕ್ಕೆ ಬರುತ್ತೇನೆ.

ಸುಧಾರಣಾ (ಪ್ರೊಟೆಸ್ಟಂಟ್) ಪರಂಪರೆಯಲ್ಲಿ 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರ ಎಂಬ ಉಪದೇಶವಿದೆ, ಒಟ್ಟು 129 ಪ್ರಶ್ನೆ. ಕೊನೆಯ ಪ್ರಶ್ನೆ "ಆಮೆನ್" ಎಂಬ ಒಂದೇ ಪದದ ಬಗ್ಗೆ. ಉತ್ತರದ ತಿರುಳು ಹೀಗೆ: ನಾನು ಬೇಡಿದ್ದನ್ನು ನನ್ನ ಹೃದಯ ಎಷ್ಟು ಬಯಸುತ್ತಿದೆ ಎಂದು ನನಗೆ ಅನಿಸುತ್ತದೋ, ಅದಕ್ಕಿಂತ ಹೆಚ್ಚು ಖಚಿತವಾದದ್ದು ದೇವರು ಅದನ್ನು ಕೇಳಿದ್ದಾನೆ ಎಂಬುದು. ಅನಿಸಿಕೆಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಡ ಎಂದು ಇಷ್ಟು ನೇರವಾಗಿ ಹೇಳಿದ ಸಾಲು ಕಡಿಮೆ. ಪ್ರಾರ್ಥನೆ ಮುಗಿಸುವ ಗಡಿಬಿಡಿಯಲ್ಲಿ ನುಂಗಿಹೋಗುವ ಆಮೆನ್ ಅನ್ನು ಒಂದು ವಾರ ನಿಧಾನವಾಗಿ, ಒಂದು ಉಸಿರು ನಿಲ್ಲಿಸಿ ಹೇಳಲು ಅಭ್ಯಾಸ ಕೊಡಿ. ಮಾಡಿ ನೋಡಿದವರಿಗೆ ವ್ಯತ್ಯಾಸ ತಿಳಿಯುತ್ತದೆ.

ಈ ಖಚಿತತೆ ಎಲ್ಲಿಂದ? ಇಬ್ರಿಯ 5:7. ಇಡೀ ವಿಷಯದಲ್ಲಿ ಇದಕ್ಕಿಂತ ತೂಕದ ವಾಕ್ಯ ನನಗೆ ಕಾಣುವುದಿಲ್ಲ. ಯೇಸು ತನ್ನನ್ನು ಮರಣದಿಂದ ಉಳಿಸಬಲ್ಲಾತನಿಗೆ ಬಲವಾಗಿ ಕೂಗುತ್ತ ಕಣ್ಣೀರಿನಿಂದ ಬೇಡಿಕೊಂಡ, ಆತನ ಭಯಭಕ್ತಿಯ ನಿಮಿತ್ತ ಆತನ ಮೊರೆ ಕೇಳಲ್ಪಟ್ಟಿತು ಎನ್ನುತ್ತದೆ ಅದು. ಕೇಳಲ್ಪಟ್ಟಿತು! ಆದರೆ ಮರುದಿನ ಆತ ಶಿಲುಬೆಯಲ್ಲಿ ಸತ್ತ. ತೊಲಗಲಿ ಎಂದು ಆತ ಬೇಡಿದ ಸಂಕಟದ ಪಾತ್ರೆ ತೊಲಗಲಿಲ್ಲ. ಉತ್ತರ ಬಂದದ್ದು ಸಾವು ತಪ್ಪುವುದರಲ್ಲಲ್ಲ, ಸಮಾಧಿಯ ಆಚೆ. ದೇವರು ಕೇಳಿದರೆ ಕಷ್ಟ ತಪ್ಪಲೇಬೇಕು ಎಂಬ ಲೆಕ್ಕವನ್ನು ಈ ಒಂದು ವಾಕ್ಯವೇ ಮುರಿಯುತ್ತದೆ. ಕಷ್ಟ ತಪ್ಪಲಿಲ್ಲವಾದ್ದರಿಂದ ದೇವರು ಕೇಳಲಿಲ್ಲ ಎಂಬ ಲೆಕ್ಕವೂ ಇದರೊಂದಿಗೇ ಬೀಳುತ್ತದೆ.

ಸೆರೆಯಾಗುವ ಮುನ್ನ ಗೆತ್ಸೆಮನೆ ತೋಟದಲ್ಲಿ ಯೇಸು ಮಾಡಿದ ಆ ಪ್ರಾರ್ಥನೆಯನ್ನು ಮತ್ತಾಯ 26ರಿಂದ ಓದಿಸಿ. 44ನೇ ವಾಕ್ಯದಲ್ಲಿ ಮೂರನೆಯ ಸಲ "ಅದೇ ಮಾತುಗಳನ್ನು" ಹೇಳಿದ ಎಂದಿದೆ. ಒಂದೇ ಬೇಡಿಕೆಯನ್ನು ಮತ್ತೆ ಮತ್ತೆ ಹೇಳುವುದು ಅಪನಂಬಿಕೆ ಎಂದು ಕೆಲವು ಕೂಟಗಳಲ್ಲಿ ಹೇಳಿಕೊಡುತ್ತಾರೆ. ಅದಕ್ಕೆ ಉತ್ತರ ಇಲ್ಲಿದೆ. ಪೌಲನೂ ಶರೀರದ ಮುಳ್ಳಿಗಾಗಿ ಮೂರು ಸಲ ಬೇಡಿದ (2 ಕೊರಿಂಥ 12:8). ಮುಳ್ಳು ಹೋಗಲಿಲ್ಲ, ಆದರೆ ಮಾತು ಬಂತು: ನನ್ನ ಕೃಪೆ ನಿನಗೆ ಸಾಕು.

ಕಥೋಲಿಕರೂ ನಾವೂ ಸಮಾನವಾಗಿ ಗೌರವಿಸುವ ಒಂದು ಉದಾಹರಣೆ ಸಂತ ಅಗಸ್ಟೀನನ ತಾಯಿ ಮೋನಿಕಳದ್ದು. ಮಗ ರೋಮಿಗೆ ಹಡಗು ಹತ್ತಬಾರದು ಎಂದು ಆಫ್ರಿಕದ ಕಡಲತೀರದ ಗುಡಿಯೊಂದರಲ್ಲಿ ರಾತ್ರಿಯಿಡೀ ಅತ್ತು ಪ್ರಾರ್ಥಿಸಿದಳು. ಮಗ ಅವಳಿಗೆ ಸುಳ್ಳು ಹೇಳಿ ಹೋಗಿಯೇಬಿಟ್ಟ. ಆ ದಾರಿಯೇ ಅವನನ್ನು ಮಿಲಾನಿಗೆ, ಬಿಷಪ್ ಅಂಬ್ರೋಸನ ಬಳಿಗೆ, 387ರಲ್ಲಿ ದೀಕ್ಷಾಸ್ನಾನಕ್ಕೆ ಮುಟ್ಟಿಸಿತು. ಅವಳು ಆ ರಾತ್ರಿ ಕೇಳಿದ್ದನ್ನು ದೇವರು ಕೊಡಲಿಲ್ಲ, ಅವಳು ಯಾವಾಗಲೂ ಕೇಳುತ್ತಿದ್ದುದನ್ನು ಕೊಡುವುದಕ್ಕಾಗಿಯೇ ಎಂದು ಅಗಸ್ಟೀನನೇ ಮುಂದೆ ಬರೆದ.

ಎಚ್ಚರಿಕೆ ಒಂದು: ಈ ಉದಾಹರಣೆಯನ್ನು ಹೊಸದಾಗಿ ಸಾವಾದ ಮನೆಯಲ್ಲಿ ಹೇಳಬೇಡಿ. ಅದು ಪಾಠದ ಮನೆಗೆ ಸರಿ.

ಕುಂಬಳೆ_ಕೂಟ

ಇಬ್ಬರಿಗೂ ಧನ್ಯವಾದ. ಹಲಗೆಯ ಮೂರು ಸಾಲು ಖಂಡಿತ ಬಳಸುತ್ತೇನೆ. "ನಂಬಿಕೆ ಸಾಲದು" ಎಂಬುದಕ್ಕೆ ಏನು ಹೇಳುವುದು? ಅದನ್ನು ಹೇಳುವವರು ವಾಕ್ಯ ತೋರಿಸಿಯೇ ಹೇಳುತ್ತಾರೆ, ಮಾರ್ಕ 11:24, ಯಾಕೋಬ 1:6. ಬರೀ "ಹಾಗೆ ಹೇಳಬಾರದು" ಎಂದರೆ ನಿಲ್ಲುವುದಿಲ್ಲ.

ಎಣ್ಮಕಜೆ_ಬಾಗಿಲು

ಈ ಮಾತಿಗೆ ನಮ್ಮ ಕಾಸರಗೋಡು ಜಿಲ್ಲೆಯ ಗುಡ್ಡಗಳಲ್ಲಿ ನಿಂತೇ ಉತ್ತರ ಹುಡುಕಬೇಕು. ಇಲ್ಲಿಯ ಗೇರು ತೋಟಗಳ ಮೇಲೆ 2000ದವರೆಗೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಾದ್ಯಂತ ತಡೆಯಿತು. ಹಾಸಿಗೆಯಿಂದ ಏಳಲಾರದ ಮಕ್ಕಳನ್ನು ವರ್ಷಗಟ್ಟಲೆ ಎತ್ತಿ ಆಡಿಸಿದ ತಾಯಂದಿರು ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಯ ಮನೆಗಳಲ್ಲಿದ್ದಾರೆ. ಅಂಥ ತಾಯಿಯ ಮುಂದೆ ನಿಂತು "ನಿನ್ನ ನಂಬಿಕೆ ಸಾಲದು" ಎನ್ನುವುದು ಕ್ರೂರ ಮಾತ್ರವಲ್ಲ, ಸತ್ಯವೇದಕ್ಕೆ ವಿರುದ್ಧ. ಯೋಹಾನ 9ರಲ್ಲಿ ಶಿಷ್ಯರು ಕುರುಡನನ್ನು ನೋಡಿ ಯಾರ ಪಾಪ ಎಂದು ಕೇಳಿದಾಗ ಯೇಸು ಇವನದ್ದೂ ಅಲ್ಲ, ತಂದೆತಾಯಿಯರದ್ದೂ ಅಲ್ಲ ಎಂದು ಆ ಪ್ರಶ್ನೆಯನ್ನೇ ಮುಚ್ಚಿದ.

ಈಗ ಅವರು ತೋರಿಸುವ ವಾಕ್ಯಗಳು. ಯಾಕೋಬ 1:6 ಸಂಶಯಪಡದೆ ಬೇಡಬೇಕು ಎನ್ನುವುದು ನಿಜ. ಆದರೆ 5ನೇ ವಾಕ್ಯದಿಂದ ಓದಿ: ಅಲ್ಲಿ ಬೇಡುತ್ತಿರುವುದು ಜ್ಞಾನ, ರೋಗದ ಗುಣವಲ್ಲ. ಸಂಶಯ ಎಂದರೆ ಅಲ್ಲಿ ಎರಡು ಮನಸ್ಸು, ಒಂದು ಕಾಲು ದೇವರ ಕಡೆ ಒಂದು ಕಾಲು ಆಚೆ. ಅಳುತ್ತ ಬೇಡುವವಳಿಗೆ ಅದು ತಗಲುವುದಿಲ್ಲ. ಮಾರ್ಕ 11:24ಕ್ಕೆ ಮುಂದಿನ ವಾಕ್ಯವೂ ಇದೆ, ನಿಂತು ಪ್ರಾರ್ಥಿಸುವಾಗ ಯಾರ ಮೇಲಾದರೂ ಏನಾದರೂ ಇದ್ದರೆ ಕ್ಷಮಿಸಿ ಎಂದು. ಅದನ್ನು ಬಿಟ್ಟು 24 ಮಾತ್ರ ಓದುವುದು ಸರಿಯಲ್ಲ.

ಮಾರ್ಕ 9:24 ಈ ಪಾಠದ ಎದೆ. ಮೂರ್ಛೆಹೋಗುವ ಹುಡುಗನ ತಂದೆ ನಂಬುತ್ತೇನೆ ಎಂದೂ ನನ್ನ ಅಪನಂಬಿಕೆಗೆ ಸಹಾಯ ಮಾಡು ಎಂದೂ ಒಂದೇ ಉಸಿರಿಗೆ ಕೂಗುತ್ತಾನೆ. ಯೇಸು ಅವನಿಗೆ ನಂಬಿಕೆ ತುಂಬಿಸಿಕೊಂಡು ಬಾ ಎನ್ನಲಿಲ್ಲ. ಮಾರ್ಕ 2:5ರಲ್ಲಿ ಚಾವಣಿ ತೆಗೆದು ಪಾರ್ಶ್ವವಾಯು ರೋಗಿಯನ್ನು ಇಳಿಸಿದಾಗ ಯೇಸು ನೋಡಿದ್ದು "ಅವರ" ನಂಬಿಕೆಯನ್ನು. ಹೊತ್ತವರೂ ಅದರಲ್ಲಿ ಸೇರಿದ್ದಾರೆ. ಇದರಿಂದ ಕೂಟದ ಕೆಲಸವೂ ಗೊತ್ತಾಗುತ್ತದೆ. ರೋಗಿಯ ನಂಬಿಕೆಯನ್ನು ಅಳೆಯುವ ಕೆಲಸ ನಮ್ಮದಲ್ಲ, ಅವರು ನಂಬಲಾಗದ ದಿನ ನಾವು ಹೊರುವುದು ನಮ್ಮದು.

ಅಪೊಸ್ತಲರ ಕೃತ್ಯಗಳು 12ನ್ನು ಹೆಚ್ಚು ಜನ ಅರ್ಧ ಓದುತ್ತಾರೆ. ಪೇತ್ರ ಸೆರೆಯಿಂದ ಬಿಡುಗಡೆಯಾದದ್ದು ಎಲ್ಲರಿಗೂ ಗೊತ್ತು. ಅದೇ ಅಧ್ಯಾಯದ 2ನೇ ವಾಕ್ಯದಲ್ಲಿ ಯಾಕೋಬನನ್ನು ಕತ್ತಿಯಿಂದ ಕೊಂದದ್ದು ಇದೆ. ಅದೇ ಸಭೆ, ಅದೇ ಹೆರೋದ. ಪೇತ್ರನಿಗಾಗಿ ಪ್ರಾರ್ಥಿಸುತ್ತಿದ್ದವರ ನಂಬಿಕೆಯಾದರೂ ಎಷ್ಟಿತ್ತು? ಬಾಗಿಲಲ್ಲಿ ಪೇತ್ರ ನಿಂತಿದ್ದಾನೆ ಎಂದು ರೋದೆ ಓಡಿಬಂದು ಹೇಳಿದರೆ ನಿನಗೆ ಹುಚ್ಚು ಎಂದರು. ಅಷ್ಟು ನಂಬದವರ ಪ್ರಾರ್ಥನೆಯನ್ನೂ ದೇವರು ಕೇಳಿದ್ದ. ಬದುಕಿದವನಿಗೆ ನಂಬಿಕೆ ಹೆಚ್ಚು, ಸತ್ತವನಿಗೆ ಕಡಿಮೆ ಎಂದು ಲೂಕ ಎಲ್ಲೂ ಬರೆಯಲಿಲ್ಲ.

ಕೊನೆಗೆ, ಯಾಕೋಬ 5:14ರ ಎಣ್ಣೆ ಮತ್ತು ಹಿರಿಯರ ಪ್ರಾರ್ಥನೆಗೆ ಕರೆಯುವಾಗ ಔಷಧ ನಿಲ್ಲಿಸಲು ಯಾರೂ ಹೇಳದಂತೆ ನೋಡಿಕೊಳ್ಳಿ. ಫಿಟ್ಸ್ ಮಾತ್ರೆ, ಬಿ.ಪಿ. ಮಾತ್ರೆ, ಇನ್ಸುಲಿನ್ ಒಮ್ಮೆಗೇ ಬಿಟ್ಟರೆ ಆಗುವ ಅನಾಹುತ ಪ್ರಾರ್ಥನೆಯ ಸೋಲಲ್ಲ, ನಮ್ಮ ತಪ್ಪು.

ಹೊಸೂರು_ಗಡಿ

ತಮಿಳುನಾಡಿನ ಗಡಿಯಿಂದ ಒಂದು ಮಾತು. ಇಲ್ಲಿ ಮನೆಯಲ್ಲಿ ಕನ್ನಡ, ದೇವಾಲಯದಲ್ಲಿ ತಮಿಳು. ತಮಿಳಿನ ಕೇಳ್‌ಗೂ ಬೇಡುವುದು, ಆಲಿಸುವುದು ಎರಡೂ ಅರ್ಥ ಇವೆ. ಬೇಳದವರ ಹಲಗೆಯ ಪಾಠ ಇಲ್ಲಿಯೂ ನಡೆಯುತ್ತದೆ.

ಮನೆಗೆ ಅಭ್ಯಾಸ ಕೇಳಿದ್ದೀರಲ್ಲ. ಕೀರ್ತನೆ 13 ತೆಗೆದುಕೊಳ್ಳಿ, ಆರೇ ವಾಕ್ಯ. 1, 2ರಲ್ಲಿ "ಎಷ್ಟರ ತನಕ" ಎಂಬ ದೂರು ನಾಲ್ಕು ಸಲ. 3, 4ರಲ್ಲಿ ಬೇಡಿಕೆ, ಅದಕ್ಕೆ ಕಾರಣವೂ ಸೇರಿ. 5, 6ರಲ್ಲಿ ಭರವಸೆ ಮತ್ತು ಹಾಡು. ಇದೇ ಅಚ್ಚಿನಲ್ಲಿ ಪ್ರತಿಯೊಬ್ಬರೂ ತಮ್ಮದೇ ಒಂದು ಪ್ರಾರ್ಥನೆ ಬರೆಯಲಿ: ದೂರಿಗೆ ನಾಲ್ಕು ಸಾಲು, ಬೇಡಿಕೆಗೆ ಎರಡು, ಭರವಸೆಗೆ ಎರಡು. ದೂರನ್ನು ಕಡಿಮೆ ಮಾಡಲು ಬಿಡಬೇಡಿ. ಒಳ್ಳೆಯ ಕ್ರೈಸ್ತರು ದೂರು ಹೇಳಬಾರದು ಎಂದುಕೊಂಡವರು ಮೊದಲ ನಾಲ್ಕು ಸಾಲು ಹಾರಿಸಿ ನೇರ ಸ್ತೋತ್ರಕ್ಕೆ ಹೋಗುತ್ತಾರೆ, ಆಗ ಪ್ರಾರ್ಥನೆ ಒಣಗುತ್ತದೆ. ಮನಸ್ಸಿನಲ್ಲಿ ಇರುವುದೊಂದು, ಬಾಯಲ್ಲಿ ಇನ್ನೊಂದು ಆದರೆ ದೇವರು ಕೇಳುತ್ತಾನೆ ಎಂದು ನಂಬುವುದಾದರೂ ಹೇಗೆ? ನಿಜವಾದದ್ದನ್ನು ನಾವೇ ಹೇಳಿಲ್ಲ. ಭರವಸೆಯ ಎರಡು ಸಾಲು ಬಾರದವರಿಗೆ ಕೀರ್ತನೆ 88 ಕೊಡಿ. 18 ವಾಕ್ಯ, ಕೊನೆಯವರೆಗೂ ಕತ್ತಲೆ. ಆದರೂ ಅದು ಉದ್ದಕ್ಕೂ ದೇವರನ್ನೇ ಕರೆದು ಆಡಿದ ಮಾತು, ಮತ್ತು ಅದು ವೇದದೊಳಗೇ ಉಳಿದಿದೆ.

ಯಾವ ಭಾಷೆಯಲ್ಲಿ ಬರೆಯಬೇಕು? ಕಣ್ಣೀರು ಬರುವ ಭಾಷೆಯಲ್ಲಿ. ಗಡಿಯವರಿಗೆ ಇದು ಸಣ್ಣ ವಿಷಯವಲ್ಲ. ಅರ್ಜಿಯನ್ನು ಕಚೇರಿಯ ಭಾಷೆಯಲ್ಲಿ ಬರೆಸಿಕೊಂಡು ಹೋಗಿ, ನಾವು ಹೇಳಬೇಕೆಂದದ್ದು ಅದರಲ್ಲಿ ಬಂದಿದೆಯೋ ಇಲ್ಲವೋ ತಿಳಿಯದೆ ಸಹಿ ಹಾಕುವ ಅಭ್ಯಾಸ ನಮಗಿದೆ. ಅದೇ ಮನಸ್ಸಿನಲ್ಲಿ ದೇವರ ಮುಂದೆಯೂ ಪುಸ್ತಕದ ಕನ್ನಡ ಹುಡುಕುತ್ತೇವೆ. ಅಲ್ಲಿ ಬರೆದುಕೊಡುವವರು ಬೇಕಿಲ್ಲ. ಮಾತೇ ಬಾರದ ನರಳಾಟವನ್ನು ಪವಿತ್ರಾತ್ಮನೇ ಹೊತ್ತು ಒಯ್ಯುತ್ತಾನೆ ಎಂದು ರೋಮಾಪುರ 8:26 ಹೇಳುತ್ತದೆ.

ಎರಡನೆಯ ಅಭ್ಯಾಸ, ನೋಟ್‌ಬುಕ್. ಒಂದು ಪುಟಕ್ಕೆ ಮೂರು ಗೆರೆ ಹಾಕಿ: ತಾರೀಕು, ಒಂದೇ ಸಾಲಿನ ಬೇಡಿಕೆ, ಮೂರನೆಯದು ಖಾಲಿ. ಬೇಡಿಕೆ ನಿರ್ದಿಷ್ಟವಾಗಿರಲಿ. "ಎಲ್ಲರನ್ನೂ ಆಶೀರ್ವದಿಸು" ಎಂದರೆ ಉತ್ತರ ಬಂದರೂ ಗುರುತಾಗದು. ಮಾರ್ಕ 10ರಲ್ಲಿ ಯೇಸು ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳುತ್ತಾನೆ, ನಾನು ನಿಮಗೆ ಏನು ಮಾಡಬೇಕು ಎಂದು. 36ರಲ್ಲಿ ಯಾಕೋಬ ಯೋಹಾನರಿಗೆ, ಅವರು ಕೇಳಿದ್ದು ಬಲಗಡೆ ಎಡಗಡೆಯ ಆಸನ, ಸಿಗಲಿಲ್ಲ. 51ರಲ್ಲಿ ಕುರುಡ ಬಾರ್ತಿಮಾಯನಿಗೆ, ಅವನು ಕೇಳಿದ್ದು ಕಣ್ಣು, ಸಿಕ್ಕಿತು. ಇಬ್ಬರೂ ಬಾಯಿಬಿಟ್ಟು ಹೇಳಬೇಕಾಯಿತು, ಇಬ್ಬರ ಮಾತನ್ನೂ ಆತ ನಿಂತು ಕೇಳಿದ.

ನೋಟ್‌ಬುಕ್ ಕೆಡುವುದು ಎಲ್ಲಿ ಎಂದರೆ ಮೂರನೆಯ ಗೆರೆಯಲ್ಲಿ. ದಿನಾ ತೆರೆದು ಆಯಿತೇ ಆಯಿತೇ ಎಂದು ನೋಡಿದರೆ ಅದು ಸಾಲದ ಲೆಕ್ಕದ ಪುಸ್ತಕವಾಗುತ್ತದೆ. ತಿಂಗಳಿಗೆ ಒಂದೇ ಸಲ ನೋಡಿ. "ಆಯಿತು", "ಇಲ್ಲ" ಎಂದು ಬರೆಯುವುದರ ಜೊತೆ "ಬೇಡಿಕೆಯೇ ಬದಲಾಯಿತು" ಎಂದೂ ಬರೆಯಲು ಜಾಗವಿರಲಿ. ಅಣ್ಣ ಸೋಲಲಿ ಎಂದು ಶುರುವಾದ ಆಸ್ತಿ ವ್ಯಾಜ್ಯದ ಪ್ರಾರ್ಥನೆ ಮೂರು ತಿಂಗಳಲ್ಲಿ ಅಣ್ಣನೊಂದಿಗೆ ಮಾತಾಡುವ ಧೈರ್ಯ ಕೊಡು ಎಂದಾಗಿದ್ದರೆ ಆ ಪುಟ ಖಾಲಿಯಲ್ಲ.

ನೆಲ್ಲಿಕುಂಜೆ_ಓದುಗ

ನೋಟ್‌ಬುಕ್ ಬಗ್ಗೆ ನನಗೆ ಅಳುಕಿದೆ. ನೀವು ಹೇಳಿದ ಎಚ್ಚರಿಕೆ ಇದ್ದರೂ "ಇಲ್ಲ" ಎಂಬ ಸಾಲುಗಳು ಕೆಲವರನ್ನು ಕುಗ್ಗಿಸುತ್ತವೆ. ಕೂಟಕ್ಕೆಲ್ಲ ಒಟ್ಟಿಗೆ ಕೊಡದೆ, ಬರೆಯುವ ಅಭ್ಯಾಸ ಇರುವವರಿಗೆ ಮಾತ್ರ ಕೊಡಿ. ಕೀರ್ತನೆ 13 ಎಲ್ಲರಿಗೂ.

ದಾದಿ_ಮಂಜೇಶ್ವರ

ಇನ್ನೊಂದು ಜಾತಿಯ ಸಂಕಟ ಇದೆ, ಅದನ್ನು ಕೂಟಗಳು ಗುರುತಿಸುವುದಿಲ್ಲ. ಪ್ರಾರ್ಥನೆ "ಸರಿಯಾಗಿ" ಆಗಲಿಲ್ಲ ಎಂದು ಮತ್ತೆ ಮೊದಲಿಂದ ಶುರುಮಾಡುವವರು. ತೇರ್ಸ್ (ಜಪಮಾಲೆ) ಹೇಳುವಾಗ ಹತ್ತು ಹತ್ತರ ಐದು ದಶಕದ 50 ಮಣಿಗಳಲ್ಲಿ ಒಂದು ತಪ್ಪಿತೇನೋ ಎಂಬ ಸಂಶಯ, ಹಿಂದಕ್ಕೆ ಹೋಗು, ಮತ್ತೆ ಸಂಶಯ. 20 ನಿಮಿಷದ ಜಪ ಒಂದೂವರೆ ಗಂಟೆಯಾಗುತ್ತದೆ. ನೋಡುವವರಿಗೆ ಇದು ಭಕ್ತಿ. ಒಳಗೆ ಇರುವುದು ಭಯ, ಒಂದು ಅಕ್ಷರ ತಪ್ಪಿದರೆ ದೇವರು ಕೇಳುವುದಿಲ್ಲ ಎಂದು. ಇಂಥವರಿಗೆ ಅನುಭವಿ ಗುರುಗಳು ಕೊಡುವ ನಿಯಮ ಸರಳ: ಹಿಂದಕ್ಕೆ ಹೋಗಬೇಡ, ತಪ್ಪಿದ ಮಣಿ ತಪ್ಪಲಿ, ಮುಂದಿನದು ಹೇಳು. ಮತ್ತಾಯ 6:7, 8 ಇವರಿಗಾಗಿ: ಬಹಳ ಮಾತುಗಳಿಂದ ಕೇಳಲ್ಪಡುತ್ತೇವೆ ಎಂದುಕೊಳ್ಳಬೇಡಿ, ಬೇಡುವ ಮೊದಲೇ ತಂದೆಗೆ ಗೊತ್ತು. ಕೈ ತೊಳೆಯುವುದು, ಚಿಲಕ ನೋಡುವುದು ಮುಂತಾದ ಕಡೆಯೂ ಇದೇ ಪುನರಾವರ್ತನೆ ಇದ್ದರೆ ಮನೋವೈದ್ಯರನ್ನು ಕಾಣಬೇಕು. ಚಿಕಿತ್ಸೆ ಇರುವ ಕಾಯಿಲೆ ಅದು.

ಪ್ರಾರ್ಥನೆ ಒಣಗಿದ ಕಾಲಕ್ಕೆ ಸಂತ ಇಗ್ನೇಷಿಯಸ್ ಹೇಳಿದ ಎರಡು ಮಾತು ಸಾಕು. ಶುಷ್ಕತೆಯ ಸಮಯದಲ್ಲಿ ಹಿಂದೆ ಮಾಡಿದ ನಿರ್ಧಾರ ಬದಲಿಸಬೇಡ. ಗೊತ್ತುಮಾಡಿದ ಹೊತ್ತಿಗಿಂತ ಬೇಗ ಏಳುವ ಆಸೆ ಬಂದರೆ, ತುಸು ಹೆಚ್ಚೇ ಕೂರು. ಆದರೆ ಮೈ ದಣಿದದ್ದೋ ಆತ್ಮ ದಣಿದದ್ದೋ ಮೊದಲು ನೋಡಿ. 1 ಅರಸು 19ರಲ್ಲಿ ಸಾಯುತ್ತೇನೆ ಎಂದ ಎಲೀಯನಿಗೆ ದೂತ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು, ನಿದ್ದೆ. ಮತ್ತೆ ಎಬ್ಬಿಸಿ ಇನ್ನೊಮ್ಮೆ ರೊಟ್ಟಿ.

ಅಕ್ಕಲಕೋಟೆ_ವಿಜ್ಞಾನ

ಯುವಕರು ಒಂದು ಪ್ರಶ್ನೆ ಎತ್ತಬಹುದು, ಸಿದ್ಧರಾಗಿರಿ. 2006ರಲ್ಲಿ ಅಮೆರಿಕದ ಆರು ಆಸ್ಪತ್ರೆಗಳಲ್ಲಿ ಬೈಪಾಸ್ ಶಸ್ತ್ರಚಿಕಿತ್ಸೆಯಾದ 1,802 ರೋಗಿಗಳ ಅಧ್ಯಯನ ಪ್ರಕಟವಾಯಿತು. ಪ್ರಾರ್ಥನೆ ಆಗಬಹುದು, ಆಗದಿರಬಹುದು ಎಂದು ಹೇಳಿಸಿಕೊಂಡವರಲ್ಲಿ, ಪ್ರಾರ್ಥನೆ ಪಡೆದವರಿಗೆ 52%, ಪಡೆಯದವರಿಗೆ 51% ತೊಡಕು. ಖಂಡಿತ ಪ್ರಾರ್ಥಿಸುತ್ತಾರೆ ಎಂದು ತಿಳಿದಿದ್ದವರಿಗೆ 59%. ಇದನ್ನು ಮುಚ್ಚಿಡಬೇಡಿ. ಅಪರಿಚಿತರು ಹೆಸರಿನ ಚೀಟಿ ನೋಡಿ 14 ದಿನ ಒಂದೇ ವಾಕ್ಯ ಹೇಳಿದ್ದು ಅದು. "ಪಡೆಯದವರಿಗೆ" ಅವರವರ ಅಮ್ಮಂದಿರು ಪ್ರಾರ್ಥಿಸದಂತೆ ತಡೆಯಲು ಯಾರಿಗೂ ಸಾಧ್ಯವಿರಲಿಲ್ಲ. ಅದಕ್ಕಿಂತ ಮುಖ್ಯ, ಕೇಳುವವನು ಒಬ್ಬ ವ್ಯಕ್ತಿ ಎಂದು ನಂಬಿದ ಮೇಲೆ ಔಷಧದ ಡೋಸಿನ ಹಾಗೆ ಅಳೆಯುವುದು ಮತ್ತಾಯ 4:7ಕ್ಕೆ ಎದುರಾಗುತ್ತದೆ, ನಿನ್ನ ದೇವರನ್ನು ಪರೀಕ್ಷಿಸಬಾರದು. ಇಷ್ಟು ಹೇಳಿ ಮುಂದೆ ಹೋಗಿ, ಇದರಲ್ಲೇ ಸಂಜೆ ಕಳೆಯಬೇಡಿ.

ಬೇಳದ_ಉಪದೇಶಿ

ಹರಕೆ, ನೊವೆನಾದ ಪ್ರಶ್ನೆ ಉಳಿಯಿತು. ಇದನ್ನು ಜೋಪಾನವಾಗಿ ಮಾಡಿ, ಅಜ್ಜಿಯಂದಿರ ಭಕ್ತಿಯನ್ನು ಕೀಳು ಮಾಡಬೇಡಿ.

ಒಂಬತ್ತು ದಿನ ಎಲ್ಲಿಂದ ಬಂತು ಎಂದು ಹೇಳಿ. ಯೇಸು ಪರಲೋಕಕ್ಕೆ ಏರಿದ ಮೇಲೆ ಪಂಚಾಶತ್ತಮ ದಿನದವರೆಗೆ ಶಿಷ್ಯರು, ಸ್ತ್ರೀಯರು, ಮರಿಯಮ್ಮನವರು ಒಂದೇ ಮನಸ್ಸಿನಿಂದ ಪ್ರಾರ್ಥಿಸುತ್ತಿದ್ದರು (ಅ.ಕೃ. 1:14). ಅದು ಕಾಯುವ ಅವಧಿ, ಬೆಲೆಯಲ್ಲ. ಆಗಸ್ಟ್ 30ಕ್ಕೆ ಶುರುವಾಗುವ, ಮರಿಯಮ್ಮನವರ ಹುಟ್ಟುಹಬ್ಬವಾದ ಮೊಂತಿ ಫೆಸ್ತಿನ ನೊವೆನಾವನ್ನೇ ನೋಡಿ: ಮಕ್ಕಳು ಹೂ ತರುತ್ತಾರೆ, ಸೆಪ್ಟೆಂಬರ್ 8ಕ್ಕೆ ಹೊಸ ತೆನೆ ಮನೆಗೆ ಬರುತ್ತದೆ. ಭತ್ತ ಆ ವೇಳೆಗಾಗಲೇ ಗದ್ದೆಯಲ್ಲಿ ತೆನೆಯಾಗಿದೆ. ನಮ್ಮ ಒಂಬತ್ತು ದಿನ ಅದನ್ನು ಬೆಳೆಸಲಿಲ್ಲ, ಕೊಟ್ಟದ್ದನ್ನು ಸ್ವೀಕರಿಸಲು ನಮ್ಮನ್ನು ಸಿದ್ಧ ಮಾಡಿತು.

ಹರಕೆಯೂ ವೇದದಲ್ಲಿದೆ, ಯಾಕೋಬನದ್ದು, ಹನ್ನಳದ್ದು. ಸಭೆ ಅದನ್ನು ನಿಷೇಧಿಸಿಲ್ಲ. ಕೆಡುವುದು ಅದು ವ್ಯಾಪಾರವಾದಾಗ: ನೀನು ಕೊಟ್ಟರೆ ನಾನು ಕೊಡುತ್ತೇನೆ, ಕೊಡದಿದ್ದರೆ ಇನ್ನೊಂದು ಕಡೆ ಹೋಗುತ್ತೇನೆ. ಹರಕೆ ಹೊರಲು ಬಂದವರಿಗೆ ಒಂದು ಪ್ರಶ್ನೆ ಸಾಕು: ಕೇಳಿದ್ದು ಸಿಗದಿದ್ದರೂ ಇದನ್ನು ಕೊಡುವೆಯಾ? ಹೌದು ಎಂದರೆ ಅದು ಕಾಣಿಕೆ.

ಲೂಕ 18ರ ಅನ್ಯಾಯದ ನ್ಯಾಯಾಧಿಪತಿಯ ಸಾಮ್ಯವನ್ನು ಇಲ್ಲಿ ತಪ್ಪಾಗಿ ಬಳಸುತ್ತಾರೆ, ಕಾಡಿದರೆ ದೇವರು ಬಗ್ಗುತ್ತಾನೆ ಎಂದು. ದೇವರು ಅವನ ಹಾಗೆ ಎಂದು ಯೇಸು ಹೇಳಲಿಲ್ಲ. ಅಂಥವನೇ ಕೇಳಿದ ಮೇಲೆ ದೇವರು ಕೇಳನೇ ಎಂದ.

ಇನ್ನು ವೇದ ನಿಜವಾಗಿ ಅಡ್ಡಿ ಎನ್ನುವುದು ಯಾವುದನ್ನು? ಎಣಿಕೆ ಕಡಿಮೆಯಾದದ್ದನ್ನಲ್ಲ. ಬಡವನ ಕೂಗಿಗೆ ಕಿವಿ ಮುಚ್ಚಿದವನು ತಾನು ಕೂಗುವಾಗ ಉತ್ತರ ಕಾಣನು (ಜ್ಞಾನೋಕ್ತಿ 21:13). ಉಪವಾಸದ ದಿನವೇ ಆಳುಗಳನ್ನು ಹಿಂಡುತ್ತೀರಿ (ಯೆಶಾಯ 58:3). ಹೆಂಡತಿಗೆ ಮಾನ ಕೊಡದ ಗಂಡನ ಪ್ರಾರ್ಥನೆಗೆ ಅಡ್ಡಿ (1 ಪೇತ್ರ 3:7). ಹಿಡಿದಿಟ್ಟ ಕೂಲಿಯೇ ಕೂಗುತ್ತದೆ, ಕೊಯ್ದವರ ಆ ಕೂಗು ಕರ್ತನ ಕಿವಿಗೆ ಮುಟ್ಟಿದೆ (ಯಾಕೋಬ 5:4). ಅಡಿಕೆ ಸುಲಿದವರ, ಗೇರು ಹೆಕ್ಕಿದವರ ಕೂಲಿ ಬಾಕಿ ಇಟ್ಟು ಮೂರು ದಿನ ಉಪವಾಸ ಮಾಡುವ ಮನೆಗೆ ಮೊದಲು ಈ ವಾಕ್ಯ ಓದಬೇಕು. ಇದನ್ನು ರೋಗಿಯ ಹಾಸಿಗೆಯ ಬಳಿ ಓದಬಾರದು.

ಕುಂಬಳೆ_ಕೂಟ

ನಾಲ್ಕು ವಾರಕ್ಕಿಂತ ಹೆಚ್ಚೇ ಆಯಿತು. ಹಲಗೆಯ ಪಾಠ, ಗೆತ್ಸೆಮನೆ, ಮಾರ್ಕ 9 ಇವು ಎರಡು, ಮೂರು, ನಾಲ್ಕನೆಯ ವಾರಕ್ಕೆ. ಮೊದಲ ವಾರ ಜನ ಇನ್ನೂ ಸಂಕೋಚದಲ್ಲಿರುತ್ತಾರೆ. ಉಪದೇಶವಿಲ್ಲದೆ ಒಂದೇ ಭಾಗ ಓದಿ ಮಾತಾಡಿಸಬೇಕೆಂದರೆ ಯಾವುದು?

ಬೇಳದ_ಉಪದೇಶಿ

1 ಸಮುವೇಲ 1. ಒಬ್ಬರು ನಿಧಾನವಾಗಿ ಗಟ್ಟಿಯಾಗಿ ಓದಲಿ, ಉಳಿದವರು ಪುಸ್ತಕ ಮುಚ್ಚಿ ಕೇಳಲಿ. ಮಗುವಿಗಾಗಿ ಬೇಡುವ ಹನ್ನಳ ತುಟಿ ಅಲ್ಲಾಡುತ್ತದೆ, ಸ್ವರ ಇಲ್ಲ. ಬಾಗಿಲ ಬಳಿ ಕೂತ ಯಾಜಕನಿಗೇ ಅದು ಪ್ರಾರ್ಥನೆ ಎಂದು ತಿಳಿಯದೆ ಅಮಲು ಎನ್ನುತ್ತಾನೆ. ಅಲ್ಲಿ ಒಮ್ಮೆ ನಿಲ್ಲಿಸಿ, ಗುಡಿಯಲ್ಲಿ ಅವಳ ಮೊರೆ ಆಗ ಯಾರಿಗೆ ಕೇಳಿಸಿತ್ತು ಎಂದು ಕೇಳಿ. ಮತ್ತೆ 18ರವರೆಗೆ ಓದಿಸಿ: ಅವಳು ಹೊರಟುಹೋಗಿ ಊಟ ಮಾಡಿದಳು, ಅವಳ ಮುಖ ಮತ್ತೆ ಬಾಡಿರಲಿಲ್ಲ. ಅಲ್ಲಿಗೇ ಪುಸ್ತಕ ಮುಚ್ಚಿ. ಮಗು ಬರುವುದು 20ರಲ್ಲಿ, ಅದನ್ನು ಆ ದಿನ ಓದಬೇಡಿ, ಯಾರಾದರೂ ನೆನಪಿಸಿದರೂ ಮುಂದಿನ ವಾರ ಎನ್ನಿ. 10ನೇ ವಾಕ್ಯದಲ್ಲಿ ಕಹಿಯಾಗಿ ಅತ್ತವಳು 18ರಲ್ಲಿ ಊಟಕ್ಕೆ ಕೂತಳು, ನಡುವೆ ಏನು ಬದಲಾಯಿತು ಎಂಬ ಒಂದೇ ಪ್ರಶ್ನೆ ಇಟ್ಟು ನೀವು ಸುಮ್ಮನೆ ಕೂರಿ. ಐದು ನಿಮಿಷ ಯಾರೂ ಮಾತಾಡದಿದ್ದರೂ ನೀವಾಗಿ ಉತ್ತರ ಹೇಳಬೇಡಿ.